ಅವರು ಅಂದ್ರೆ ಯಾರು?

ಗೈಡ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅಮ್ಮನಿಗೆ ತುಳುವಿನಲ್ಲಿ ಹೇಳಬೇಕು. ಸ್ಪೇನಿನ ಕೊರ್ಡೋಬಾದಲ್ಲಿ ಎರಡೂವರೆ ಗಂಟೆ ನನಗಿದ್ದ ಕೆಲಸ ಇಷ್ಟೇ. ಇದರಲ್ಲೇನು ಕಷ್ಟ ಅಂದುಕೊಂಡಿದ್ದೆ. ಇಸವಿ ಹೇಳುವುದು, ರಾಜನ ಹೆಸರು ಹೇಳುವುದು, ಮೆಟ್ಟಿಲು ಬಂದಾಗ ಕೈ ಹಿಡಿಯುವುದು. ಆದರೆ ಹತ್ತು ನಿಮಿಷದೊಳಗೆ ಒಂದು ಸಣ್ಣ ಪದ ನನ್ನನ್ನು ಹಿಡಿದು ನಿಲ್ಲಿಸಿತು. ‘ವಿ’. ನಾವು.

ಕನ್ನಡದಲ್ಲಿ ‘ನಾವು’ ಅಂದರೆ ಮುಗಿಯಿತು. ಎದುರಿಗೆ ನಿಂತವನು ಅದರಲ್ಲಿ ಸೇರಿದ್ದಾನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ತುಳುವಿನಲ್ಲಿ ಹಾಗೆ ಜಾರಿಕೊಳ್ಳಲು ಆಗುವುದಿಲ್ಲ. ‘ನಮ’ ಅಂದರೆ ನೀನೂ ಸೇರಿ ನಾವು. ‘ಎಂಕುಲು’ ಅಂದರೆ ನಿನ್ನನ್ನು ಬಿಟ್ಟು ನಾವು. ‘ನಮ ಪೋಯಿ’ ಅಂದರೆ ಚಪ್ಪಲಿ ಹಾಕಿಕೋ ಅಂತ. ‘ಎಂಕುಲು ಪೋಪ’ ಅಂದರೆ ನೀನು ಮನೆಯಲ್ಲೇ ಇರು ಅಂತ. ಬಾಯಿ ತೆರೆಯುವ ಮೊದಲೇ ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನ ಮಾಡಿರಬೇಕು. ಮನೆಯಲ್ಲಿ ಇದೆಲ್ಲ ತಾನಾಗಿ ಆಗುತ್ತದೆ. ಸ್ಪೇನಿನ ಚೌಕದಲ್ಲಿ ನಿಂತು, ಹದಿಮೂರನೇ ಶತಮಾನದ ಯುದ್ಧವನ್ನು ಅನುವಾದ ಮಾಡುವಾಗ ತಾನಾಗಿ ಆಗಲಿಲ್ಲ.

ಗೈಡ್ ಹೇಳಿದಳು: 711ರಲ್ಲಿ ಮೂರ್‌ಗಳು ಬಂದರು. ಅವರು ಮಸೀದಿ ಕಟ್ಟಿದರು. 1236ರಲ್ಲಿ ನಾವು ಊರನ್ನು ಮರಳಿ ಪಡೆದೆವು. ನಾನು ಮೊದಲು ಅವಳ ‘ನಾವು’ಗೆ ‘ಎಂಕುಲು’ ಅಂದೆ. ಕೇಳಿದರೆ ನಮ್ಮ ಮನೆಯವರೇ ಕತ್ತಿ ಹಿಡಿದು ಕೊರ್ಡೋಬಾ ಗೆದ್ದ ಹಾಗಿತ್ತು. ಸರಿ, ಇದು ಬೇಡ ಎಂದು ‘ಅಕುಲು’ ಅಂದೆ, ಅವರು. ಈಗ ಎರಡೂ ಕಡೆಯವರು ‘ಅವರು’ ಆದರು. ಅವರು ಬಂದರು, ಅವರು ಕಟ್ಟಿದರು, ಆಮೇಲೆ ಅವರು ಅವರನ್ನು ಓಡಿಸಿದರು. ಅಮ್ಮ ಸ್ವಲ್ಪ ಹೊತ್ತು ಸಹಿಸಿಕೊಂಡರು. ಆಮೇಲೆ ಕೇಳಿದರು, “ಅಕುಲು ಪಂಡ ಏರ್?” ಅವರು ಅಂದ್ರೆ ಯಾರು?

ಹೋಗಿ ಬಂದು ತಿಂಗಳುಗಳೇ ಕಳೆದಿವೆ. ಆ ಪ್ರಶ್ನೆ ಇನ್ನೂ ಬಿಟ್ಟಿಲ್ಲ.

ಹಳದಿ ಕೊಡೆ

ಫೆಬ್ರವರಿ. ಜರ್ಮನಿಯ ಚಳಿಗೆ ಅಮ್ಮ ಬೇಸತ್ತಿದ್ದರು. ಬಿಸಿಲು ಇರುವ ಕಡೆ ಎಲ್ಲಾದರೂ ಕರೆದುಕೊಂಡು ಹೋಗು ಎಂದರು. ಸೆವಿಯಾಕ್ಕೆ ವಿಮಾನ, ಅಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ತೆಂದಿಯಾಸ್ ಚೌಕದಲ್ಲಿ ಕುದುರೆ ಏರಿದ ಸೇನಾಪತಿಯ ಪ್ರತಿಮೆಯ ಕೆಳಗೆ ಹಳದಿ ಕೊಡೆ ಹಿಡಿದು ಗೈಡ್ ನಿಂತಿದ್ದಳು. ಮೂವತ್ತರ ಆಸುಪಾಸಿನ ಹುಡುಗಿ. ಹನ್ನೊಂದು ಹೊಡೆಯಿತು. ಆ ಚೌಕದ ಗಡಿಯಾರದಲ್ಲಿ ಗಂಟೆಯ ಸದ್ದಿನ ಬದಲು ಫ್ಲಮೆಂಕೋ ಗಿಟಾರ್ ನುಡಿಯುತ್ತದೆ. ಅಮ್ಮನಿಗೆ ಯಾರೋ ಮೊಬೈಲಿನಲ್ಲಿ ಹಾಡು ಹಾಕಿದ್ದಾರೆ ಅನ್ನಿಸಿ ಸುತ್ತ ನೋಡಿದರು.

ಇಂಥ ನಡಿಗೆ ಪ್ರವಾಸಗಳ ಲೆಕ್ಕಾಚಾರ ನಿಮಗೆ ಗೊತ್ತಿರುತ್ತದೆ. ಟಿಕೆಟ್ ಇಲ್ಲ, ಕೊನೆಯಲ್ಲಿ ಕೈಗೆ ತೋಚಿದ್ದು ಕೊಡಬೇಕು. ಹಾಗಾಗಿ ಕಥೆ ಚೆನ್ನಾಗಿರಲೇಬೇಕು. ಕಥೆ ಚೆನ್ನಾಗಿರಬೇಕಾದರೆ ‘ನಾವು’ ಮತ್ತು ‘ಅವರು’ ಇರಬೇಕು. ಇಬ್ಬರಿಲ್ಲದೆ ಕಥೆ ನಡೆಯುವುದು ಕಷ್ಟ. ನಾನು ಅವಳನ್ನು ದೂರುತ್ತಿಲ್ಲ. ನಮ್ಮ ಗುಂಪಿನಲ್ಲಿ ಹದಿನೆಂಟು ಜನ ಇದ್ದೆವು, ಅರ್ಧ ಜನಕ್ಕೆ ಮಧ್ಯಾಹ್ನದ ರೈಲು ಹಿಡಿಯಬೇಕಿತ್ತು. ಎಂಟುನೂರು ವರ್ಷವನ್ನು ಎರಡೂವರೆ ಗಂಟೆಗೆ ಇಳಿಸುವುದು ಸುಲಭದ ಕೆಲಸ ಅಲ್ಲ.

ಆದರೂ ದಾರಿಯಲ್ಲಿ ನಡೆಯುತ್ತಾ ಕೇಳಿಯೇಬಿಟ್ಟೆ. ಈ ‘ಮೂರ್’ ಅಂದರೆ ಯಾರು? (ಕನ್ನಡದಲ್ಲಿ ಬರೆಯುವಾಗ ಇದು ಲೆಕ್ಕ ಹೇಳಿದ ಹಾಗೆ ಕೇಳುತ್ತದೆ, ಏನು ಮಾಡುವುದು.) ಅವಳು ನಕ್ಕಳು. ರೋಮನ್ನರು ಉತ್ತರ ಆಫ್ರಿಕಾದ ಜನರನ್ನು ಮೌರಿ ಎಂದು ಕರೆಯುತ್ತಿದ್ದರು, ಅಲ್ಲಿಂದ ಬಂದ ಪದ. ಇಲ್ಲಿ ಬದುಕಿದವರು ತಮ್ಮನ್ನು ತಾವು ಹಾಗೆ ಕರೆದುಕೊಂಡವರಲ್ಲ. “ಸ್ಪ್ಯಾನಿಷಿನಲ್ಲಿ ಹೇಳುವಾಗ ನಾನು ಆಂದಲುಸಿ ಅನ್ನುತ್ತೇನೆ, ಅಂದರೆ ಮುಸ್ಲಿಮ್ ಸ್ಪೇನಿನವರು. ಆದರೆ ನೀವು ಇಂಟರ್ನೆಟ್ಟಿನಲ್ಲಿ ಹುಡುಕುವುದು ಮೂರಿಶ್ ಅಂತ ಅಲ್ವಾ? ಹಾಗೆ ಬರೆಯದಿದ್ದರೆ ನೀವ್ಯಾರೂ ಬರುವುದಿಲ್ಲ.” ನಿಜ. ನಾನೂ ಹಾಗೇ ಹುಡುಕಿದ್ದೆ.

ಯೋಚಿಸಿದರೆ ‘ಅವರು’ ಅನ್ನುವುದು ಒಂದೇ ಜನ ಅಲ್ಲವೇ ಅಲ್ಲ. 711ರಲ್ಲಿ ಸಮುದ್ರ ದಾಟಿದ ಸೈನ್ಯದಲ್ಲಿ ಬಹುಪಾಲು ಉತ್ತರ ಆಫ್ರಿಕಾದ ಬರ್ಬರ್ ಜನ, ಮೇಲಿನವರು ಕೆಲವರು ಅರಬರು. ಮಸೀದಿ ಶುರು ಮಾಡಿದ ಒಂದನೇ ಅಬ್ದ್ ಅಲ್ ರಹಮಾನ್ ದಂಡೆತ್ತಿ ಬಂದ ವೀರ ಅನ್ನುವುದಕ್ಕಿಂತ ತಲೆ ಉಳಿಸಿಕೊಂಡು ಓಡಿಬಂದವನು. ಅವನ ವಂಶದವರನ್ನು ಸಿರಿಯಾದಲ್ಲಿ ಕಡಿದು ಹಾಕಿದ ಮೇಲೆ ಹೇಗೋ ತಪ್ಪಿಸಿಕೊಂಡು, ಆಫ್ರಿಕಾದ ಉದ್ದಕ್ಕೂ ಅಲೆದು, 756ರಲ್ಲಿ ಇಲ್ಲಿ ಅಮೀರನಾದ. ಅವನ ಅಮ್ಮ ಬರ್ಬರ್ ಹೆಂಗಸು. ಅದೇ ವಂಶದ ಮೂರನೇ ಅಬ್ದ್ ಅಲ್ ರಹಮಾನನ ಹೊತ್ತಿಗೆ ಅಜ್ಜಿಯೇ ಬಾಸ್ಕ್ ರಾಜಕುಮಾರಿ. ಕಣ್ಣು ನೀಲಿ, ಕೂದಲು ಕೆಂಪು. ಅರಬನ ಹಾಗೆ ಕಾಣಲೆಂದು ಕೂದಲಿಗೆ ಕಪ್ಪು ಹಚ್ಚುತ್ತಿದ್ದನಂತೆ. ಖಲೀಫನೇ ‘ಅವರು’ ಆಗಲು ಬಣ್ಣ ಹಚ್ಚಿಕೊಳ್ಳಬೇಕಾದ ಊರಿನಲ್ಲಿ, ಉಳಿದವರ ಕಥೆ ಏನು? ಹತ್ತನೇ ಶತಮಾನ ಕಳೆಯುವಷ್ಟರಲ್ಲಿ ಇಲ್ಲಿನ ಮುಸ್ಲಿಮರಲ್ಲಿ ಹೆಚ್ಚಿನವರು ಮತಾಂತರಗೊಂಡ ಇದೇ ನೆಲದವರ ಮೊಮ್ಮಕ್ಕಳು, ಮರಿಮಕ್ಕಳು.

ಇನ್ನು ‘ನಾವು’. 1236ರಲ್ಲಿ ಕಸ್ತೀಲಿಯಾದ ರಾಜ ಮೂರನೇ ಫೆರ್ನಾಂದೋ ಊರು ಗೆದ್ದಾಗ ಒಪ್ಪಂದದ ಪ್ರಕಾರ ಮುಸ್ಲಿಮರು ಹೊತ್ತುಕೊಳ್ಳಲು ಆಗುವಷ್ಟು ಸಾಮಾನು ಹೊತ್ತು ಊರು ಬಿಟ್ಟರು. ಗೈಡ್ ಹೇಳಿದ್ದು “ಅವರು ಹೋದರು” ಎಂದು. ನಾನೂ ಹಾಗೇ ಅನುವಾದ ಮಾಡಿದೆ. ಅಮ್ಮ ಎಲ್ಲಿಗೆ ಎಂದು ಕೇಳಿದರು. ದಕ್ಷಿಣಕ್ಕೆ, ಗ್ರನಾಡಾ ಕಡೆಗೆ ಎಂದೆ. ಖಾಲಿಯಾದ ಮನೆಗಳಿಗೆ ಉತ್ತರದ ಕಸ್ತೀಲಿಯಾದಿಂದ ಜನ ಬಂದರು. ಅಂದರೆ ಊರನ್ನು ‘ಮರಳಿ’ ಪಡೆದವರಲ್ಲಿ ಹೆಚ್ಚಿನವರು ಅದನ್ನು ಮೊದಲ ಸಲ ನೋಡುತ್ತಿದ್ದವರು. ಆ ‘ಮರಳಿ’ ಅನ್ನುವುದನ್ನು ತುಳುವಿಗೆ ತರಲು ನಾನು ಪಟ್ಟ ಪಾಡು ಬೇರೆಯೇ ಕಥೆ.

ಸುಣ್ಣ ಉದುರಿದಾಗ

ಯಹೂದಿ ಕೇರಿಯ ಓಣಿಗಳು ಎಷ್ಟು ಕಿರಿದು ಅಂದರೆ ಎದುರಿಂದ ಇನ್ನೊಂದು ಗುಂಪು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಅಲ್ಲಿ ಯಹೂದಿ ಪಂಡಿತ ಮೈಮೋನಿದೀಸನ ಕಂಚಿನ ಪ್ರತಿಮೆ ಕೂತಿದೆ. ಬಂದವರೆಲ್ಲ ಮುಟ್ಟಿ ಮುಟ್ಟಿ ಪಾದ ಮಾತ್ರ ಚಿನ್ನದ ಬಣ್ಣಕ್ಕೆ ತಿರುಗಿದೆ. ಮುಟ್ಟಿದರೆ ಬುದ್ಧಿ ಬರುತ್ತದಂತೆ. ಅಮ್ಮ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು, ನನ್ನ ಪರವಾಗಿ ಇರಬೇಕು. “ನಮ್ಮ ಮೈಮೋನಿದೀಸ್” ಎಂದಳು ಗೈಡ್. ಹೌದು, ಹುಟ್ಟಿದ್ದು ಇಲ್ಲೇ. ಆದರೆ 1148ರಲ್ಲಿ ಉತ್ತರ ಆಫ್ರಿಕಾದ ಮುಸ್ಲಿಮ್ ದೊರೆಗಳಾದ ಅಲ್ಮೊಹದರು ಊರು ಹಿಡಿದು, ಮುಸ್ಲಿಮರಾಗಿ ಇಲ್ಲವೇ ಹೊರಡಿ ಎಂದಾಗ ಮನೆಯವರೆಲ್ಲ ಗಂಟುಮೂಟೆ ಕಟ್ಟಿದರು. ಹುಡುಗ ಬೆಳೆದು ದೊಡ್ಡವನಾದದ್ದು ಫೆಜ್ ದಾಟಿ, ಈಜಿಪ್ಟಿನಲ್ಲಿ. ಯಹೂದಿ ಧರ್ಮದ ಅಷ್ಟು ದೊಡ್ಡ ಪಂಡಿತ ಹೆಚ್ಚಾಗಿ ಬರೆದದ್ದು ಅರಬ್ಬಿಯಲ್ಲಿ. ಕೋಟೆ ಗೋಡೆಯ ಪಕ್ಕ ಕೂತಿರುವ ಇನ್ನೊಬ್ಬ, ತತ್ವಜ್ಞಾನಿ ಅವೆರೋಸ್, ಅವನದೂ ಅದೇ ಪಾಡು. ಮುಸ್ಲಿಮ್ ನ್ಯಾಯಾಧೀಶ. ಮುಸ್ಲಿಮ್ ದೊರೆಯೇ 1195ರಲ್ಲಿ ಗಡೀಪಾರು ಮಾಡಿದ, ಪುಸ್ತಕ ಸುಡಿಸಿದ. ತೀರಿಕೊಂಡದ್ದು ಮರಾಕೇಶಿನಲ್ಲಿ. ಊರಿನಿಂದ ಓಡಿಸಿದ ಮೇಲೆ ಕಲ್ಲು, ಕಂಚಿನಲ್ಲಿ ಕೂರಿಸಿ ‘ನಮ್ಮವರು’ ಅನ್ನುವುದು ಅಲ್ಲಿಯೂ ಇದೆ, ಬಿಡಿ.

ಆದರೆ ಅದೇ ಓಣಿಯಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ, ಒಂದು ಪುಟ್ಟ ಸಿನಗಾಗ್ ಇದೆಯಲ್ಲ, ಅದು ನನಗೆ ತುಂಬಾ ಹಿಡಿಸಿತು. ನಮ್ಮೂರ ಮನೆಯ ಚಾವಡಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. 1315ರಲ್ಲಿ ಕಟ್ಟಿದ್ದು. ಆಗ ಆಳುತ್ತಿದ್ದವರು ಕ್ರೈಸ್ತರು. ಗೋಡೆಯ ಗಾರೆಯಲ್ಲಿ ಕೆತ್ತಿದ ಬಳ್ಳಿ, ನಕ್ಷತ್ರಗಳು ಅಪ್ಪಟ ಇಸ್ಲಾಮಿ ಕುಸುರಿ. ಅವುಗಳ ನಡುವೆ ಹರಿಯುವ ಅಕ್ಷರ ಹೀಬ್ರೂ. 1492ರಲ್ಲಿ ಯಹೂದಿಗಳನ್ನು ದೇಶದಿಂದಲೇ ಹೊರಗೆ ಹಾಕಿದ ಮೇಲೆ ಇದು ಹುಚ್ಚುನಾಯಿ ಕಡಿದವರ ಆಸ್ಪತ್ರೆಯಾಯಿತು. ಆಮೇಲೆ ಚಪ್ಪಲಿ ಹೊಲಿಯುವವರ ಸಂಘದ ಪ್ರಾರ್ಥನಾ ಮಂದಿರ. ಗೋಡೆಗೆ ಸುಣ್ಣದ ಮೇಲೆ ಸುಣ್ಣ. 1884ರಲ್ಲಿ ಸುಣ್ಣ ಉದುರಿ ಒಳಗಿನ ಅಕ್ಷರ ಕಾಣಿಸಿತು. ಇಲ್ಲಿ ಗೈಡ್ ಯಾರನ್ನೂ ‘ನಾವು’ ಅನ್ನಲಿಲ್ಲ, ‘ಅವರು’ ಅನ್ನಲಿಲ್ಲ. “ಸುಣ್ಣ ಉದುರಿತು” ಎಂದಳು ಅಷ್ಟೇ. ಅನುವಾದ ಮಾಡಲು ಅಷ್ಟು ಹಗುರವಾದ ವಾಕ್ಯ ಅವತ್ತು ಬೇರೆ ಸಿಗಲಿಲ್ಲ.

ಪಳ್ಳಿಯ ಒಳಗೆ ಇಗರ್ಜಿ

ಮೆಸ್ಕೀತಾ, ಅಂದರೆ ಆ ಹಳೆಯ ಮಸೀದಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ಕೆಂಪು ಬಿಳಿ ಕಮಾನುಗಳ ಫೋಟೋ ನೀವೂ ನೋಡಿರುತ್ತೀರಿ. 856 ಕಂಬ. ಎಣಿಸಲು ಹೋಗಲಿಲ್ಲ. ನನಗೆ ಇಷ್ಟವಾದದ್ದು ಆ ಕಂಬಗಳ ಬಡತನ. ಮೊದಲ ಭಾಗದಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ರೋಮನ್ನರದ್ದು, ಅವರ ನಂತರ ಇಲ್ಲಿ ಆಳಿದ ವಿಸಿಗಾತರದ್ದು, ಬಿದ್ದ ಕಟ್ಟಡಗಳಿಂದ ಆರಿಸಿ ತಂದದ್ದು. ಒಂದು ನುಣುಪು, ಒಂದು ತಿರುಚಿದ್ದು, ಒಂದು ಗಿಡ್ಡ. ಗಿಡ್ಡ ಕಂಬದ ಕೆಳಗೆ ಕಲ್ಲು ಕೊಟ್ಟಿದ್ದಾರೆ, ಉದ್ದದ್ದನ್ನು ನೆಲಕ್ಕೆ ಇಳಿಸಿದ್ದಾರೆ. ಆದರೂ ಸೂರು ಎತ್ತರಕ್ಕೆ ಸಾಲದು. ಅದಕ್ಕೇ ಕಂಬದ ಮೇಲೆ ಇನ್ನೊಂದು ಗಾರೆಕಂಬ, ಕಮಾನಿನ ಮೇಲೆ ಇನ್ನೊಂದು ಕಮಾನು. ಜಗತ್ತೇ ಬೆರಗಾಗುವ ಆ ಜೋಡಿ ಕಮಾನು ಇದ್ದದ್ದರಲ್ಲೇ ಹೊಂದಿಸಿಕೊಂಡವರ ಉಪಾಯ.

ಕಮಾನಿನ ಕೆಂಪು ಇಟ್ಟಿಗೆ, ಬಿಳಿ ಸುಣ್ಣಕಲ್ಲು. ಆದರೆ ಪೂರ್ವದ ಕಡೆ, 987ರಿಂದ ಈಚೆಗೆ ಖಲೀಫನ ಮಂತ್ರಿ ಅಲ್ಮನ್ಸೂರ್ ಸೇರಿಸಿದ ಭಾಗಕ್ಕೆ ಬಂದಾಗ ಗೈಡ್ ಲೇಸರ್ ಬೆಳಕು ಬಿಟ್ಟು ತೋರಿಸಿದಳು. ಅಲ್ಲಿ ಇಟ್ಟಿಗೆಯೇ ಇಲ್ಲ. ಪೂರ್ತಿ ಕಲ್ಲು, ಕೆಂಪು ಬರೀ ಬಣ್ಣ. ಗುಂಪಿನವರೆಲ್ಲ “ಓಹೋ” ಎಂದರು. ಇದೇ ಅಲ್ಮನ್ಸೂರ್ 997ರಲ್ಲಿ ಉತ್ತರದ ಕ್ರೈಸ್ತ ಯಾತ್ರಾಸ್ಥಳ ಸಂತಿಯಾಗೋ ಮೇಲೆ ದಾಳಿ ಮಾಡಿ ಚರ್ಚಿನ ಗಂಟೆಗಳನ್ನು ಸೆರೆಯಾಳುಗಳ ಹೆಗಲ ಮೇಲೆ ಇಲ್ಲಿಗೆ ಹೊರಿಸಿ ತಂದು ದೀಪ ಮಾಡಿಸಿದವನು. 1236ರಲ್ಲಿ ಫೆರ್ನಾಂದೋ ಅವೇ ಗಂಟೆಗಳನ್ನು ಮುಸ್ಲಿಮ್ ಸೆರೆಯಾಳುಗಳ ಹೆಗಲ ಮೇಲೆ ವಾಪಸ್ ಕಳಿಸಿದ. ಗೈಡ್ ಇದನ್ನು ಫುಟ್‌ಬಾಲ್ ಸ್ಕೋರಿನ ಹಾಗೆ ಹೇಳಿದಳು, ಒಂದಕ್ಕೆ ಒಂದು. ಎಲ್ಲರೂ ನಕ್ಕರು. ಅಮ್ಮ ಕೇಳಿದ್ದು, “ಹೊತ್ತವರು ಎಷ್ಟು ದೂರ ನಡೆದರು?” ಸ್ಪೇನಿನ ಈ ತುದಿಯಿಂದ ಆ ತುದಿ ಎಂದೆ. ಅಮ್ಮ ತಮ್ಮ ಮಂಡಿ ಒತ್ತಿಕೊಂಡು ಅಲ್ಲೇ ಒಂದು ಕಂಬದ ಬುಡಕ್ಕೆ ಒರಗಿ ನಿಂತರು.

ಕಂಬಗಳ ಕಾಡಿನ ನಟ್ಟನಡುವೆ ಚರ್ಚು ಎದ್ದಿದೆ. ಇದ್ದಕ್ಕಿದ್ದ ಹಾಗೆ ಎತ್ತರ, ಬೆಳಕು, ಬಿಳಿ. ಅದನ್ನು ಶುರು ಮಾಡಿದ್ದು 1523ರಲ್ಲಿ, ಊರು ಕ್ರೈಸ್ತರ ಕೈಗೆ ಬಂದು ಸುಮಾರು ಮುನ್ನೂರು ವರ್ಷದ ಮೇಲೆ. ಬಿಷಪ್ ಕೆಡವಲು ಹೊರಟಾಗ ಅಡ್ಡ ನಿಂತದ್ದು ಊರಿನ ನಗರಸಭೆ. ರಾಜನ ಅಪ್ಪಣೆ ಬರುವ ತನಕ ಯಾವ ಕೆಲಸಗಾರನಾದರೂ ಕಲ್ಲು ಮುಟ್ಟಿದರೆ ಮರಣದಂಡನೆ ಎಂದು ಸಾರಿಸಿತು. ಅವರೂ ಕ್ರೈಸ್ತರೇ. ಕೊನೆಗೆ ರಾಜ ಐದನೇ ಚಾರ್ಲ್ಸ್ ಬಿಷಪ್ಪನ ಪರ ನಿಂತ. ಆಮೇಲೆ ಬಂದು ನೋಡಿ, ಎಲ್ಲೂ ಇಲ್ಲದ್ದನ್ನು ಒಡೆದು ಎಲ್ಲೆಲ್ಲೂ ಇರುವುದನ್ನು ಕಟ್ಟಿದಿರಲ್ಲ ಎಂದು ಕೊರಗಿದನಂತೆ. ಗೈಡ್‌ಗಳೆಲ್ಲ ಹೇಳುವ ಮಾತು ಇದು. ನನಗೆ ನಂಬಿಕೆ ಕಡಿಮೆ. ಕೊರಗಿದ್ದರೆ ಕೆಲಸ ನಿಲ್ಲಿಸಬಹುದಿತ್ತು. ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಕಟ್ಟಿದರು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಆ ಕಮಾನುಗಳಿಗಾಗಿ ಮರಣದಂಡನೆ ಹೊರಡಿಸಿದ ನಗರಸಭೆಯವರು ‘ನಮ್ಮ ಕಟ್ಟಡ’ ಅಂದಿದ್ದರೆ ಅದು ಯಾವ ‘ನಮ್ಮ’? ನಮನಾ, ಎಂಕುಲಾ?

ಹೆಸರಿನ ಜಗಳ ಇವತ್ತಿಗೂ ಮುಗಿದಿಲ್ಲ. 2006ರಲ್ಲಿ ಬಿಷಪ್ಪರ ಆಡಳಿತ 30 ಯೂರೋ ಕೊಟ್ಟು ಕಟ್ಟಡವನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡಿತು. 2014ರಲ್ಲಿ ಗೂಗಲ್ ಮ್ಯಾಪಿನಲ್ಲಿ ‘ಮೆಸ್ಕೀತಾ’ ಮಾಯವಾಗಿ ಬರೀ ‘ಕ್ಯಾಥೆಡ್ರಲ್’ ಉಳಿದು, ಊರವರು ಗಲಾಟೆ ಮಾಡಿದ ಮೇಲೆ ಹಳೆಯದು ವಾಪಸ್ ಬಂತು. ಒಳಗೆ ಮುಸ್ಲಿಮರ ನಮಾಜಿಗೆ ಅವಕಾಶವಿಲ್ಲ. ಸಂಜೆ ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ ವರದಿ ಒಪ್ಪಿಸುತ್ತಿದ್ದರು. “ಪಲ್ಲಿದ ಉಲಯಿ ಇಗರ್ಜಿ” ಎಂದರು. ಪಳ್ಳಿಯ ಒಳಗೆ ಇಗರ್ಜಿ, ಮಸೀದಿಯ ಒಳಗೆ ಚರ್ಚು. ಮಂಗಳೂರು ಕಡೆಯವರಿಗೆ ಎರಡೂ ಮನೆಮಾತು, ಬಸ್ ಸ್ಟಾಪಿನ ಹೆಸರು. ಆ ಇಗರ್ಜಿ ಅನ್ನುವ ಪದವನ್ನು ನಮ್ಮ ಕರಾವಳಿಗೆ ಇಳಿಸಿದವರು ಇವರ ಪಕ್ಕದ ಮನೆಯ ಪೋರ್ಚುಗೀಸರು.

ಕಣಿ

ಮಸೀದಿಯ ಅಂಗಳದಲ್ಲಿ ಕಿತ್ತಳೆ ಗಿಡಗಳ ಸಾಲು. ಬೆಣಚುಕಲ್ಲು ಹಾಸಿದ ನೆಲ. ಗಿಡದಿಂದ ಗಿಡಕ್ಕೆ ನೆಲದಲ್ಲೇ ಅಂಗೈ ಅಗಲದ ಕಾಲುವೆ, ಪ್ರತಿ ಬುಡಕ್ಕೂ ಒಂದು ದುಂಡು ಗುಂಡಿ. ಹದಿನೆಂಟು ಜನರೂ ತಲೆ ಎತ್ತಿ ಗಂಟೆಗೋಪುರ ನೋಡುತ್ತಿದ್ದೆವು. ಅದರ ಹೊಟ್ಟೆಯೊಳಗೆ ಹಳೆಯ ಮಿನಾರ್ ಇದೆ ಎಂದು ಗೈಡ್ ಹೇಳುತ್ತಿದ್ದಳು. ಅಮ್ಮ ಮಾತ್ರ ಕುಕ್ಕರಗಾಲಲ್ಲಿ ಕೂತು ನೆಲ ನೋಡುತ್ತಿದ್ದರು. ಬೆಳಗಿನಿಂದ ನೋವು ಎನ್ನುತ್ತಿದ್ದ ಮಂಡಿ ಅದು. ಕಾಲುವೆಯ ಕವಲಿನಲ್ಲಿ ಬೆರಳಿಟ್ಟು ನನ್ನನ್ನು ಕರೆದರು. “ಇಲ್ಲಿ ಒಂದು ಹೆಂಟೆ ಮಣ್ಣು ಇಟ್ಟರೆ ನೀರು ಆಚೆ ಗಿಡಕ್ಕೆ ತಿರುಗುತ್ತದೆ. ಇದು ನಮ್ಮ ಕಣಿ.” ತೋಟಕ್ಕೆ ನೀರು ಹಾಯಿಸುವ ಸಣ್ಣ ಕಾಲುವೆಗೆ ನಮ್ಮಲ್ಲಿ ಹಾಗೆ ಅನ್ನುವುದು.

ಗೈಡ್ ಏನೆಂದು ಕೇಳಿದಳು. ಹೇಳಿದೆ. ಅವಳ ಮುಖ ಬದಲಾಯಿತು. ನದಿ ದಂಡೆಯಲ್ಲಿ ತನ್ನ ಅಜ್ಜನ ತರಕಾರಿ ತೋಟ ಇತ್ತು, ಅಜ್ಜ ಹಾರೆಯಲ್ಲಿ ಹೀಗೇ ಮಣ್ಣು ಎಳೆದು ಒಂದು ಸಾಲು ಮುಚ್ಚಿ ಇನ್ನೊಂದು ತೆರೆಯುತ್ತಿದ್ದ, ಚಿಕ್ಕವಳಿದ್ದಾಗ ಅದೇ ತನಗೆ ಆಟ ಎಂದಳು. “ಕಾಲುವೆಗೆ ನಾವು ಅಸೇಕಿಯಾ ಅನ್ನುತ್ತೇವೆ, ನೀರೆತ್ತುವ ಚಕ್ರಕ್ಕೆ ನೋರಿಯಾ. ನಾವು ಯಾವಾಗಲೂ ಹೀಗೇ ಮಾಡಿದ್ದು.” ಎರಡೂ ಅರಬ್ಬಿ ಪದಗಳು. ನದಿಯ ಹೆಸರು ಗ್ವಾದಲ್ಕಿವಿರ್ ಕೂಡ ಅರಬ್ಬಿಯೇ, ದೊಡ್ಡ ಹೊಳೆ ಎಂದರ್ಥ. ಬೆಳಗಿನಿಂದ ಅವಳ ಬಾಯಲ್ಲಿ 1236ರಲ್ಲಿ ಕುದುರೆ ಏರಿ ಬಂದಿದ್ದ ‘ನಾವು’ ಈಗ ಸದ್ದಿಲ್ಲದೆ ಕಾಲುವೆಯ ಪಕ್ಕ ಹಾರೆ ಹಿಡಿದು ನಿಂತಿತ್ತು. ಅವಳಿಗೆ ಅದು ಗೊತ್ತಾಯಿತು ಅನ್ನಿಸಲಿಲ್ಲ. ನಾನೂ ಹೇಳಲಿಲ್ಲ. ಗುಂಪು ಮುಂದೆ ಹೊರಟಿತ್ತು.

ಮಧ್ಯಾಹ್ನ ಊಟಕ್ಕೆ ಬೆರೆಂಹೇನಾಸ್ ತರಿಸಿದೆ. ಬದನೆಕಾಯಿ ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ ಕರಿದು, ಮೇಲೆ ಕಬ್ಬಿನ ಹಾಲಿನ ಕಪ್ಪು ಪಾಕ ಸುರಿದಿರುತ್ತಾರೆ. ಅಮ್ಮ ಬೆರಳಲ್ಲಿ ಪಾಕ ನೆಕ್ಕಿ, “ಬದನೆ ಪೋಡಿಗೆ ಜೋನಿ ಬೆಲ್ಲ!” ಎಂದು ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದರು. ಕಾಫಿ ಜೊತೆ ಬಂದ ಪೊಟ್ಟಣದ ಮೇಲೆ ‘ಅಸೂಕರ್’ ಎಂದಿತ್ತು. ಸಂಸ್ಕೃತದ ಶರ್ಕರಾ ಪರ್ಷಿಯಾ ದಾಟಿ ಅರಬ್ಬಿಯಲ್ಲಿ ಸುಕ್ಕರ್ ಆಗಿ ಇಲ್ಲಿ ಅಸೂಕರ್ ಆಯಿತು. ನಮ್ಮಲ್ಲಿ ಸಕ್ಕರೆ. ಕಿತ್ತಳೆಗೆ ಇವರು ‘ನರಾಂಹಾ’ ಅನ್ನುವುದೂ ನಮ್ಮ ನಾರಂಗದ ನೆಂಟಸ್ತಿಕೆಯೇ. ಕಬ್ಬನ್ನೂ ಕಿತ್ತಳೆಯನ್ನೂ ಸ್ಪೇನಿಗೆ ತಂದವರು ಗೈಡ್ ಹೇಳಿದ ಆ ‘ಅವರೇ’. ಸುಮ್ನೆ ಪೊಟ್ಟಣ ತಿರುಗಿಸುತ್ತಾ ಕೂತಿದ್ದೆ.

ಎಂಟೂವರೆ

ನಾವು ಹೋದಾಗ ಭಾನುವಾರ ಬಿಟ್ಟು ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆ ತನಕ ಮೆಸ್ಕೀತಾದ ಒಳಗೆ ಹೋಗಲು ದುಡ್ಡಿರಲಿಲ್ಲ, ಗುಂಪುಗಳಿಗೆ ಪ್ರವೇಶವಿರಲಿಲ್ಲ. ಮರುದಿನ ಅಮ್ಮ ಅಂಗಳದಲ್ಲೇ ಬಿಸಿಲು ಕಾಯುತ್ತೇನೆ ಎಂದರು, ನಾನು ಒಬ್ಬನೇ ಹೋದೆ. ಯಾರೂ ಏನೂ ಹೇಳದ ಕಟ್ಟಡ ಬೇರೆಯೇ ಆಗಿರುತ್ತದೆ. ಕಂಬಗಳ ಮೇಲೆ ಕಲ್ಲುಕುಟಿಗರು ಕೊರೆದ ಗುರುತುಗಳಿವೆ, ಕೆಲವು ಅವರ ಹೆಸರುಗಳೇ. ಹಿಂದಿನ ದಿನ ಅದರ ಮುಂದೆಯೇ ಹಾದುಹೋಗಿದ್ದೆವು. ಕೂಲಿ ಲೆಕ್ಕಕ್ಕೋ ಏನೋ, ಇದು ನಾನು ಮಾಡಿದ್ದು ಎಂದು ಹಾಕಿಕೊಂಡ ಸಹಿ. ನಾವೂ ಅಲ್ಲ, ಅವರೂ ಅಲ್ಲ, ‘ನಾನು’. ಒಂಬತ್ತೂವರೆಗೆ ಕಾವಲಿನವರು ಚಪ್ಪಾಳೆ ತಟ್ಟಿ ಎಲ್ಲರನ್ನೂ ಹೊರಗೆ ಕಳಿಸಿದರು.

ಹೊರಗೆ ಬಂದರೆ ಕಲ್ಲಿನ ಕಟ್ಟೆಯ ಮೇಲೆ ಅಮ್ಮ, ಪಕ್ಕದಲ್ಲಿ ಹಳದಿ ಕೊಡೆ. ಗೈಡ್ ಹೊಸ ಗುಂಪಿಗಾಗಿ ಕಾಯುತ್ತಿದ್ದಳು. ಇಬ್ಬರಿಗೂ ಗೊತ್ತಿರುವ ಭಾಷೆ ಒಂದೂ ಇಲ್ಲದೆ ಮಾತು ಜೋರಾಗಿ ನಡೆದಿತ್ತು. ಅಮ್ಮನ ಕೈಯಲ್ಲಿ ಬೀದಿಯಲ್ಲಿ ಬಿದ್ದು ಸಿಕ್ಕ ಒಂದು ಕಿತ್ತಳೆ. ಇಲ್ಲಿನ ಬೀದಿ ಗಿಡಗಳ ಹಣ್ಣು ಕಹಿ, ಹುಳಿ, ಯಾರೂ ಹಾಗೇ ತಿನ್ನುವುದಿಲ್ಲ. ಅಮ್ಮ ಸಿಪ್ಪೆ ಉಗುರಲ್ಲಿ ಗೀರಿ ಮೂಸಿ, ಇದು ಕಂಚುಹುಳಿಯೇ ಎಂದು ತೀರ್ಪು ಕೊಟ್ಟಾಗಿತ್ತು. ನನ್ನನ್ನು ಕಂಡದ್ದೇ ಇಬ್ಬರೂ ಒಟ್ಟಿಗೆ ಕರೆದರು. ಗೊಜ್ಜು ಹೇಗೆ ಮಾಡುವುದೆಂದು ಹೇಳಬೇಕಂತೆ.

ಅಮ್ಮ ಶುರು ಮಾಡಿದರು. ಸಿಪ್ಪೆ ಸಣ್ಣಗೆ ಹೆಚ್ಚಿ ನೀರಿನಲ್ಲಿ ಕುದಿಸಿ ಆ ನೀರು ಚೆಲ್ಲಬೇಕು. ಹಸಿಮೆಣಸು, ಉಪ್ಪು, ರಸ. ಕಹಿ ಹೋಗುವ ತನಕ ಕುದಿಯಬೇಕು. ಆಮೇಲೆ ನಮ ಬೆಲ್ಲ ಹಾಕುವುದು ಎಂದರು. ಎಂಕುಲು ಅನ್ನಲಿಲ್ಲ. ನಾನು ಇಂಗ್ಲಿಷಿನಲ್ಲಿ ‘ವಿ’ ಎಂದೆ, ಬೇರೆ ಏನಿದೆ. ಅವಳು ಮೊಬೈಲಿನಲ್ಲಿ ಬರೆದುಕೊಳ್ಳುತ್ತಾ ಬೆಲ್ಲ ಎಷ್ಟು ಎಂದು ಕೇಳಿದಳು. ಅಮ್ಮ ಅವಳ ಕೈ ಹಿಡಿದು, ಬೆರಳು ಮಡಚಿ, ಮುಷ್ಟಿ ಮಾಡಿ ತೋರಿಸಿದರು.